ಕೊಂಡದ್ದನ್ನು ಇಟ್ಟುಕೊಳ್ಳುವ ಹಕ್ಕು: ಬೀಗಮುಕ್ತ ಗಣಕ ಆಟಗಳ ಮಳಿಗೆ ಮತ್ತು ಗ್ರಂಥಾಲಯ

ಕನ್ನಡದ ‘ಕೊಳ್ಳು’ ಎಂಬ ಧಾತುವಿಗೆ ಬೆಲೆ ತೆತ್ತು ಪಡೆಯುವುದು ಎಂಬ ಅರ್ಥದೊಡನೆ ತನ್ನದಾಗಿಸಿಕೊಳ್ಳುವುದು ಎಂಬ ಅರ್ಥವೂ ಉಂಟು. ಇಟ್ಟುಕೊಳ್ಳು, ಉಳಿಸಿಕೊಳ್ಳು ಎಂಬ ರೂಪಗಳಲ್ಲಿ ಸಹಾಯಕ ಕ್ರಿಯೆಯಾಗಿ ಬರುವುದೂ ಇದೇ ಧಾತು. ಮುದ್ರಿತ ಪುಸ್ತಕದ ವಿಷಯದಲ್ಲಿ ಈ ಎರಡು ಅರ್ಥಗಳೂ ಒಟ್ಟಿಗೇ ನಡೆದುಬಂದಿವೆ. ಅಂತರಜಾಲದ ಮೂಲಕ ಮಾರಾಟವಾಗುವ ಗಣಕ ಆಟಗಳ ವಿಷಯದಲ್ಲಿ ಮಾತ್ರ ಅವು ಬೇರ್ಪಟ್ಟಿವೆ. ಬೆಲೆ ತೆತ್ತವನಿಗೆ ದೊರೆಯುವುದು ಬಹುಮಟ್ಟಿಗೆ ಆಡಲು ಅನುಮತಿಯೇ ಹೊರತು ಆಟವಲ್ಲ. ಈ ಬೇರ್ಪಡೆಯನ್ನು ನಿವಾರಿಸಲೆಂದು ಹುಟ್ಟಿದ ಬೀಗಮುಕ್ತ ಮಳಿಗೆಯ ಸ್ವರೂಪ ಹಾಗೂ ಬಳಕೆಯ ಕ್ರಮವನ್ನೂ, ಅದು ಗ್ರಂಥಾಲಯಗಳ ಮುಂದಿಡುವ ಪ್ರಶ್ನೆಯನ್ನೂ ಇಲ್ಲಿ ಪರಿಶೀಲಿಸಲಾಗಿದೆ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಂತಹ ಬಡಾವಣೆಗಳ ಮನೆಗಳಿಗೆ ಗಣಕಯಂತ್ರ ಕಾಲಿಟ್ಟ ದಿನಗಳಲ್ಲಿ ಆಟವೆಂದರೆ ಸಿ.ಡಿ. ಅದು ಅಸಲಿಯಾಗಿರಲಿ ನಕಲಿಯಾಗಿರಲಿ, ಕೈಯಲ್ಲಿ ಹಿಡಿಯಬಹುದಾದ ವಸ್ತುವಾಗಿತ್ತು. ೨೦೦೩ರಲ್ಲಿ ಅಮೆರಿಕದ ವಾಲ್ವ್ ಸಂಸ್ಥೆ ಸ್ಟೀಮ್ ಎಂಬ ವ್ಯವಸ್ಥೆಯನ್ನು ಆರಂಭಿಸಿದ ಮೇಲೆ ಆಟಗಳ ವ್ಯಾಪಾರ ಕ್ರಮೇಣ ಅಂತರಜಾಲಕ್ಕೆ ಸರಿಯಿತು. ಅದರೊಡನೆ ‘ಡಿಜಿಟಲ್ ಹಕ್ಕುಗಳ ನಿರ್ವಹಣೆ’, ಅಂದರೆ ಡಿ.ಆರ್.ಎಂ., ವ್ಯಾಪಕವಾಯಿತು. ಇದು ಕಡತಕ್ಕೆ ಹಾಕಿದ ಬೀಗವಿದ್ದಂತೆ. ಬೀಗದ ಕೈ ಕೊಂಡವನ ಬಳಿಯಲ್ಲ, ಮಾರಿದವನ ಬಳಿ ಇರುತ್ತದೆ. ಆಟ ತೆರೆಯುವಾಗ ಅಥವಾ ನಿಯತಕಾಲಿಕವಾಗಿ ಗಣಕಯಂತ್ರವು ಸಂಸ್ಥೆಯ ಸರ್ವರನ್ನು ಸಂಪರ್ಕಿಸಿ ಅನುಮತಿ ಕೇಳುತ್ತದೆ. ಸರ್ವರ್ ಮುಚ್ಚಿದರೆ ಅನುಮತಿಯೂ ಮುಗಿಯಿತು. ೨೦೧೪ರಲ್ಲಿ ಬಿಡುಗಡೆಯಾದ ‘ದಿ ಕ್ರೂ’ ಎಂಬ ಕಾರು ಓಟದ ಆಟದ ಸರ್ವರುಗಳನ್ನು ಯೂಬಿಸಾಫ್ಟ್ ಸಂಸ್ಥೆ ೨೦೨೪ರ ಮಾರ್ಚ್ ೩೧ರಂದು ನಿಲ್ಲಿಸಿತು. ಸದಾ ಸಂಪರ್ಕವನ್ನು ಬೇಡುತ್ತಿದ್ದ ಆ ಆಟವನ್ನು ಹಣ ಕೊಟ್ಟು ಪಡೆದವರೂ ಅಂದಿನಿಂದ ಆಡಲಾರದಾದರು.

ಇದಕ್ಕೆ ಭಿನ್ನವಾದ ಮಾರ್ಗ ಪೋಲೆಂಡಿನಲ್ಲಿ ರೂಪುಗೊಂಡಿತು. ೧೯೯೪ರಲ್ಲಿ ಸ್ಥಾಪನೆಯಾದ ಸಿ.ಡಿ. ಪ್ರಾಜೆಕ್ಟ್ ಸಂಸ್ಥೆಯು ನಕಲಿ ಪ್ರತಿಗಳೇ ತುಂಬಿದ್ದ ಮಾರುಕಟ್ಟೆಯಲ್ಲಿ ವ್ಯಾಪಾರ ನಡೆಸಬೇಕಿತ್ತು. ೧೯೯೯ರಲ್ಲಿ ಅದು ‘ಬಾಲ್ಡರ್ಸ್ ಗೇಟ್’ ಆಟವನ್ನು ಪೋಲಿಷ್ ಭಾಷೆಗೆ ತಂದು, ಉತ್ತಮ ಪೆಟ್ಟಿಗೆ, ನಕ್ಷೆ, ಕೈಪಿಡಿಗಳೊಡನೆ ಮಾರಿತು. ನಕಲಿಗಿಂತ ಅಸಲಿಯೇ ಹೆಚ್ಚು ಉಪಯುಕ್ತವೆನಿಸಬೇಕು ಎಂಬುದು ಅದರ ತತ್ತ್ವ. ೨೦೦೮ರಲ್ಲಿ ಅದೇ ಸಂಸ್ಥೆ ‘ಗುಡ್ ಓಲ್ಡ್ ಗೇಮ್ಸ್’ ಎಂಬ ಮಳಿಗೆಯನ್ನು ತೆರೆದು, ‘ಫಾಲ್‌ಔಟ್’ ಮೊದಲಾದ ಹಳೆಯ ಆಟಗಳನ್ನು ಬೀಗವಿಲ್ಲದೆ ಮಾರತೊಡಗಿತು. ೨೦೧೨ರಿಂದ ಹೊಸ ಆಟಗಳೂ ಸೇರಿ ಅದರ ಹೆಸರು ಜಿ.ಓ.ಜಿ. ಎಂದು ಚಿಕ್ಕದಾಯಿತು.

ಇದರ ಬಳಕೆ ಸರಳ. ಮಳಿಗೆಯಲ್ಲಿ ಖಾತೆ ತೆರೆದು ಆಟವನ್ನು ಕೊಂಡ ಮೇಲೆ ಅದು ಬಳಕೆದಾರನ ಸಂಗ್ರಹದ ಪಟ್ಟಿಗೆ ಸೇರುತ್ತದೆ. ಅಲ್ಲಿ ಎರಡು ದಾರಿಗಳಿವೆ. ಒಂದು, ‘ಗ್ಯಾಲಕ್ಸಿ’ ಎಂಬ ತಂತ್ರಾಂಶದ ಮೂಲಕ ಆಟವನ್ನು ಸ್ಥಾಪಿಸುವುದು, ಇದು ಕಡ್ಡಾಯವಲ್ಲ. ಇನ್ನೊಂದು, ಸಂಪರ್ಕವಿಲ್ಲದೆಯೂ ಕೆಲಸಮಾಡುವ ಸ್ಥಾಪಕ ಕಡತವನ್ನು ಇಳಿಸಿಕೊಳ್ಳುವುದು. ಸಂರಕ್ಷಣೆಯ ದೃಷ್ಟಿಯಿಂದ ಮುಖ್ಯವಾದುದು ಈ ಎರಡನೆಯದು. ದೊಡ್ಡ ಆಟಗಳ ಸ್ಥಾಪಕ ಹಲವು ಭಾಗಗಳಲ್ಲಿರುವುದರಿಂದ ಎಲ್ಲ ಭಾಗಗಳನ್ನೂ ಇಳಿಸಿಕೊಂಡು ಒಂದೇ ಕಡೆ ಇಡಬೇಕು. ಕೈಪಿಡಿ, ಸಂಗೀತ ಮೊದಲಾದ ಪೂರಕ ಕಡತಗಳಿದ್ದರೆ ಅವನ್ನೂ ಬಿಡಬಾರದು. ಬಳಿಕ ಅಂತರಜಾಲ ಸಂಪರ್ಕವನ್ನು ಕಡಿದು ಆಟವನ್ನು ಒಮ್ಮೆ ಸ್ಥಾಪಿಸಿ ನೋಡಿದರೆ ಪ್ರತಿ ಪೂರ್ಣವಾಗಿದೆಯೇ ಎಂಬುದು ತಿಳಿಯುತ್ತದೆ. ಎರಡು ಪ್ರತ್ಯೇಕ ಡಿಸ್ಕುಗಳಲ್ಲಿ ಪ್ರತಿ ಇಡುವುದು ಕ್ಷೇಮ. ಪರಿಷ್ಕೃತ ಆವೃತ್ತಿ ಬಂದಾಗ ಇಳಿಸಿಟ್ಟ ಕಡತ ತಾನಾಗಿ ಬದಲಾಗದು, ಮತ್ತೆ ಇಳಿಸಿಕೊಳ್ಳಬೇಕು. ಡಾಸ್ ಕಾಲದ ಅನೇಕ ಆಟಗಳೊಡನೆ, ಹಳೆಯ ಯಂತ್ರವನ್ನು ಅನುಕರಿಸುವ ‘ಡಾಸ್‌ಬಾಕ್ಸ್’ ತಂತ್ರಾಂಶವನ್ನೂ ಮಳಿಗೆಯೇ ಜೋಡಿಸಿ ಕೊಡುತ್ತದೆ.

ಬೀಗವಿಲ್ಲ ಎಂದ ಮಾತ್ರಕ್ಕೆ ಕೃತಿಸ್ವಾಮ್ಯವಿಲ್ಲ ಎಂದಾಗದು. ಮಳಿಗೆಯ ಪರವಾನಗಿ ಸ್ವಂತ ಬಳಕೆಗೆ ಮಾತ್ರ ಸೀಮಿತ. ಪ್ರತಿ ಮಾಡಿ ಹಂಚುವುದು ನಿಯಮಬಾಹಿರ. ಆದರೆ ಭಾರತದ ಕೃತಿಸ್ವಾಮ್ಯ ಅಧಿನಿಯಮದ ೫೨ನೆಯ ಪ್ರಕರಣವು, ತಂತ್ರಾಂಶದ ಪ್ರತಿಯನ್ನು ನ್ಯಾಯಬದ್ಧವಾಗಿ ಹೊಂದಿರುವವನು ನಷ್ಟ, ನಾಶಗಳಿಂದ ರಕ್ಷಣೆಗಾಗಿ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ನೀಡುತ್ತದೆ. ಬೀಗವಿರುವ ಆಟದಲ್ಲಿ ಈ ಅವಕಾಶ ಹೆಸರಿಗಷ್ಟೇ ಉಳಿಯುತ್ತದೆ. ಪ್ರತಿ ಮಾಡಿದರೂ ಅನುಮತಿಯಿಲ್ಲದೆ ಅದು ತೆರೆಯದು. ೨೦೧೨ರ ತಿದ್ದುಪಡಿಯಲ್ಲಿ ಸೇರಿದ ೬೫ಎ ಪ್ರಕರಣದಂತೆ, ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಬೀಗಮುಕ್ತ ಮಳಿಗೆಯಲ್ಲಿ ಇಂತಹ ಪ್ರಶ್ನೆಯೇ ಏಳುವುದಿಲ್ಲ.

ತಂತ್ರಾಂಶವನ್ನು ಕೊಂಡವನು ಪಡೆದದ್ದು ವಸ್ತುವೇ, ಹಕ್ಕೇ ಎಂಬ ವಿವಾದಕ್ಕೆ ಕರ್ನಾಟಕದಲ್ಲೇ ಒಂದು ಮುಖ್ಯ ನಿದರ್ಶನವಿದೆ. ವಿದೇಶದಿಂದ ತರಿಸಿದ ತಂತ್ರಾಂಶಕ್ಕೆ ತೆತ್ತ ಹಣವು ಕೃತಿಸ್ವಾಮ್ಯದ ಬಳಕೆಗೆ ಕೊಟ್ಟ ರಾಯಲ್ಟಿ ಎಂದು ೨೦೧೧ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಆದಾಯ ತೆರಿಗೆಯ ಪ್ರಕರಣಗಳಲ್ಲಿ ತೀರ್ಪಿತ್ತಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೧ರ ಮಾರ್ಚ್ ೨ರಂದು ಇದನ್ನು ಒಪ್ಪದೆ, ಅಂತಿಮ ಬಳಕೆದಾರನಿಗೆ ಕೃತಿಸ್ವಾಮ್ಯದ ಯಾವ ಹಕ್ಕೂ ವರ್ಗವಾಗುವುದಿಲ್ಲ, ಅವನು ಕೊಳ್ಳುವುದು ಕೃತಿಸ್ವಾಮ್ಯವುಳ್ಳ ಒಂದು ಸರಕನ್ನು ಎಂದು ಹೇಳಿತು. ಇದು ತೆರಿಗೆಗೆ ಸಂಬಂಧಿಸಿದ ನಿರ್ಣಯ. ಆಟವನ್ನು ಕೊಂಡವರ ಒಡೆತನವನ್ನು ಇದರಿಂದಲೇ ಸ್ಥಾಪಿಸಲಾಗದು. ಆದರೂ ಪರವಾನಗಿಯ ಹೆಸರಿನಲ್ಲಿ ನಡೆಯುವ ವ್ಯವಹಾರದೊಳಗೆ ಸರಕಿನ ಮಾರಾಟವೇ ಅಡಗಿರಬಹುದೆಂಬುದನ್ನು ಅದು ಗುರುತಿಸಿದೆ.

ಗ್ರಂಥಾಲಯಗಳ ಸಮಸ್ಯೆ ಇನ್ನೂ ಸೂಕ್ಷ್ಮ. ವಾಣಿಜ್ಯೇತರ ಸಾರ್ವಜನಿಕ ಗ್ರಂಥಾಲಯವು ಸಂರಕ್ಷಣೆಗಾಗಿ ಕೃತಿಯನ್ನು ವಿದ್ಯುನ್ಮಾನ ರೂಪದಲ್ಲಿ ಕೂಡಿಡಬಹುದೆಂದು ೨೦೧೨ರ ತಿದ್ದುಪಡಿ ಒಪ್ಪುತ್ತದೆ. ಆದರೆ ಆ ಕೃತಿಯ ಡಿಜಿಟಲ್ ಅಲ್ಲದ ಪ್ರತಿ ಗ್ರಂಥಾಲಯದಲ್ಲಿ ಮೊದಲೇ ಇರಬೇಕೆಂಬುದು ಷರತ್ತು. ಹುಟ್ಟಿನಿಂದಲೇ ಡಿಜಿಟಲ್ ಆದ ಆಟಕ್ಕೆ ಅಂತಹ ಪ್ರತಿ ಎಲ್ಲಿಂದ ಬರಬೇಕು? ೧೯೫೪ರ ಗ್ರಂಥ ಸಲ್ಲಿಕೆ ಅಧಿನಿಯಮವೂ ಮುದ್ರಿತ ಸಾಮಗ್ರಿಯನ್ನು ಮಾತ್ರ ಕುರಿತದ್ದು. ಹೀಗಾಗಿ ವಿಜಯನಗರದ ಹಂಪಿನಗರದಲ್ಲಿರುವ ನಗರ ಕೇಂದ್ರ ಗ್ರಂಥಾಲಯದಂತಹ ಸಂಸ್ಥೆ ಪುಸ್ತಕಕ್ಕೆ ಮಾಡುವ ಸೇವೆಯನ್ನು ಆಟಕ್ಕೆ ಮಾಡಲು ಇಂದಿನ ಕಾನೂನಿನಲ್ಲಿ ಸ್ಪಷ್ಟವಾದ ಆಧಾರ ಸಿಗದು. ಬೀಗಮುಕ್ತ ಪ್ರತಿಯನ್ನು ಮನೆಯಲ್ಲಿ ಕಾಪಾಡುವ ಬಿಡಿ ವ್ಯಕ್ತಿಯೇ ಸದ್ಯಕ್ಕೆ ಆ ಕೃತಿಯ ಗ್ರಂಥಪಾಲಕ.

ಎಸ್.ಆರ್. ರಂಗನಾಥನ್ ಅವರು ೧೯೩೧ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಪಂಚಸೂತ್ರಗಳಲ್ಲಿ ಮೊದಲನೆಯದು, ಪುಸ್ತಕಗಳಿರುವುದು ಬಳಕೆಗಾಗಿ ಎಂಬುದು. ೧೯೬೨ರಲ್ಲಿ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರ ಇಂದು ಕೆಂಗೇರಿಯತ್ತ ಸಾಗುವ ಮೈಸೂರು ರಸ್ತೆಯಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿದೆ. ಆ ಸೂತ್ರವನ್ನು ಆಟಗಳಿಗೂ ಅನ್ವಯಿಸುವುದಾದರೆ ಮೂರು ಕಾರ್ಯಗಳು ಆಗಬೇಕು: ಡಿಜಿಟಲ್ ಅಲ್ಲದ ಪ್ರತಿಯ ಷರತ್ತನ್ನು ಸಡಿಲಿಸುವುದು, ಸಲ್ಲಿಕೆಯ ನಿಯಮವನ್ನು ಡಿಜಿಟಲ್ ಕೃತಿಗಳಿಗೂ ವಿಸ್ತರಿಸುವುದು, ಸಲ್ಲುವ ಪ್ರತಿ ಬೀಗವಿಲ್ಲದ್ದಾಗಿರಬೇಕೆಂದು ವಿಧಿಸುವುದು. ಕೈ ಸೇರಿದ ಬೀಗಮುಕ್ತ ಕಡತವನ್ನು ಕಾಪಾಡುವ ಕ್ರಮ ಈಗಾಗಲೇ ತಿಳಿದಿದೆ. ಅದನ್ನು ಗ್ರಂಥಾಲಯದ ಕೈಗೆ ತಲುಪಿಸುವ ಕಾನೂನು ಇನ್ನು ಬರಬೇಕಾಗಿದೆ.