ಸಾಲುಗಾಲಿಯ ಸ್ಕೇಟು

18ನೆಯ ಶತಮಾನದಲ್ಲಿ ಲಂಡನ್ನಿನಲ್ಲಿದ್ದ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರಶಿಲ್ಪಿಯ ವಿಚಾರವಾಗಿ ಒಂದು ಕಥೆಯುಂಟು. ತಾನೇ ರಚಿಸಿದ ಗಾಲಿಯ ಪಾದರಕ್ಷೆಗಳನ್ನು ತೊಟ್ಟು, ಪಿಟೀಲು ನುಡಿಸುತ್ತ, ಆತನು ಸೋಹೋ ಪ್ರದೇಶದ ವೇಷಧಾರಿಗಳ ಕೂಟವೊಂದಕ್ಕೆ ಉರುಳಿಬಂದನಂತೆ. ತಿರುಗುವ ಉಪಾಯವಾಗಲಿ ನಿಲ್ಲುವ ಉಪಾಯವಾಗಲಿ ಆತನಲ್ಲಿರಲಿಲ್ಲ. 500 ಪೌಂಡಿಗೂ ಮಿಕ್ಕಿ ಬೆಲೆಬಾಳುವ ನಿಲುಗನ್ನಡಿಗೆ ನೇರವಾಗಿ ಡಿಕ್ಕಿ ಹೊಡೆದನು. ಕನ್ನಡಿ ಚೂರಾಯಿತು, ಪಿಟೀಲು ಮುರಿಯಿತು, ಮೈ ಗಾಯಗೊಂಡಿತು. ಮರ್ಲಿನ್ನನಿಗೆ ಒದಗಿದ ಈ ತೊಡಕನ್ನು ಇಂದಿನ ಸ್ಕೇಟು ಹೇಗೆ ಬಿಡಿಸಿಕೊಂಡಿದೆಯೆಂಬುದನ್ನು ನೋಡೋಣ.

ಗಾಲಿಗಳನ್ನು ಒಂದರ ಹಿಂದೊಂದು ನಿಲ್ಲಿಸುವ ಯೋಚನೆ ಹಳೆಯದು. ಫ್ರಾನ್ಸಿನಲ್ಲಿ 1819ರಲ್ಲಿಯೇ ಪೆಟಿಬ್ಲೆ ಎಂಬಾತನು ಅದಕ್ಕೆ ಪೇಟೆಂಟು ಪಡೆದಿದ್ದನು. 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಮುಂದೆರಡು ಹಿಂದೆರಡು ಗಾಲಿಗಳ ಸ್ಕೇಟನ್ನು ನಿರ್ಮಿಸಿದ ಬಳಿಕ ಸಾಲುಗಾಲಿ ಹಿಂದೆ ಬಿದ್ದಿತು. 1980ರ ಸುಮಾರಿಗೆ ಮಿನ್ನೆಸೋಟದ ಓಲ್ಸನ್ ಸಹೋದರರು, ಮಂಜುಗಡ್ಡೆಯ ಹಾಕಿಯನ್ನು ಬೇಸಗೆಯಲ್ಲಿಯೂ ಅಭ್ಯಾಸಮಾಡಲೆಂದು, ಅದನ್ನು ಮತ್ತೆ ಬಳಕೆಗೆ ತಂದರು.

ನಡೆಯುವಾಗ ನಾವು ನೆಲವನ್ನು ಹಿಂದಕ್ಕೆ ಒತ್ತುತ್ತೇವೆ. ಸ್ಕೇಟು ತೊಟ್ಟು ಹಾಗೆ ಒತ್ತಿದರೆ ಗಾಲಿ ಹಿಂದಕ್ಕೆ ಉರುಳೀತೇ ಹೊರತು ದೇಹ ಮುಂದೆ ಸಾಗದು. ಆದುದರಿಂದ ಪಾದವನ್ನು ಓರೆಮಾಡಿ ಪಕ್ಕಕ್ಕೆ ಒತ್ತಬೇಕು. ಗಾಲಿಯು ಸಾಲಿನ ದಿಕ್ಕಿನಲ್ಲಿ ಸಲೀಸಾಗಿ ಉರುಳಬೇಕು, ಅಡ್ಡಲಾಗಿ ಮಾತ್ರ ಜಾರಕೂಡದು. ಈ ಎರಡು ಗುಣಗಳನ್ನು ಪಾಲಿಯುರಿಥೇನ್ ಎಂಬ ಕೃತಕ ಪದಾರ್ಥವು ಒದಗಿಸುತ್ತದೆ. ಗಾಲಿಯ ಮೇಲಿರುವ 78ಎ, 85ಎ ಎಂಬಂಥ ಗುರುತುಗಳು ಅದರ ಗಡಸುತನವನ್ನು ತಿಳಿಸುತ್ತವೆ. ಅಂಕಿ ಹೆಚ್ಚಿದಷ್ಟೂ ಗಾಲಿ ಗಡಸು. ನಿಧಾನವಾಗಿ ಸವೆಯುತ್ತದೆ, ಆದರೆ ಒರಟು ರಸ್ತೆಯ ಅದುರನ್ನು ಕಾಲಿಗೆ ಮುಟ್ಟಿಸುತ್ತದೆ. ಒತ್ತುವಿಕೆಯೆಲ್ಲ ಒಳಬದಿಯಲ್ಲಿಯೇ ನಡೆಯುವುದರಿಂದ ಆ ಅಂಚು ಬೇಗ ಸವೆಯುವುದುಂಟು. ಆಗಾಗ ಗಾಲಿಗಳನ್ನು ಬಿಚ್ಚಿ ಬದಿ ತಿರುಗಿಸಿ ಹಾಕುವವನು ಹಣ ಉಳಿಸುತ್ತಾನೆ.

ಗಾಲಿಯೊಳಗೆ ಎರಡು ಬೇರಿಂಗುಗಳು. ಒಂದೊಂದರ ಹೊರ ವ್ಯಾಸ 22 ಮಿಲಿಮೀಟರು, ಅಗಲ 7. ಉಕ್ಕಿನ ಗುಂಡುಗಳು ಉಜ್ಜಾಟದ ಬದಲು ಉರುಳಾಟವನ್ನುಂಟುಮಾಡಿ ಘರ್ಷಣೆಯನ್ನು ತಗ್ಗಿಸುತ್ತವೆ. ನಾಲ್ಕು ಗಾಲಿಗಳ ಜೊತೆ ಸ್ಕೇಟಿನಲ್ಲಿ ಹದಿನಾರು ಬೇರಿಂಗುಗಳಾದವು! ಇವುಗಳ ಶತ್ರುಗಳು ನೀರು ಮತ್ತು ಮರಳು. ಎರಡು ಬೇರಿಂಗುಗಳ ನಡುವೆ ಒಂದು ಕಿರುಕೊಳವೆಯಿರುತ್ತದೆ. ಅದು ಕಳೆದುಹೋದರೆ, ಅಚ್ಚನ್ನು ಬಿಗಿಮಾಡಿದಾಗ ಬೇರಿಂಗು ಪಕ್ಕದಿಂದ ಅದುಮಲ್ಪಟ್ಟು ಗಾಲಿ ಬಿಗಿಯಾಗಬಹುದು.

ಗಾಲಿಗಳನ್ನು ಹಿಡಿದಿರುವ ಚೌಕಟ್ಟು ಉದ್ದವಾದರೆ ವೇಗದಲ್ಲಿ ಸ್ಥಿರತೆ, ಗಿಡ್ಡವಾದರೆ ತಿರುವಿನಲ್ಲಿ ಚುರುಕು. ಮೇಲಣ ಬೂಟು ಹರಡನ್ನು ಬಿಗಿಹಿಡಿಯಬೇಕು. ಸಡಿಲವಾದ ಬೂಟಿನಲ್ಲಿ ಪಾದವು ಒಳಕ್ಕೆ ವಾಲಿ, ಗಾಲಿಗಳ ಸಾಲು ನೆಟ್ಟಗೆ ನಿಲ್ಲದು.

ಕೊನೆಯದು, ಮರ್ಲಿನ್ನನಲ್ಲಿ ಇಲ್ಲದಿದ್ದ ಅಂಗ. ಸಾಮಾನ್ಯವಾಗಿ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ರಬ್ಬರಿನ ತುಂಡಿರುತ್ತದೆ. ಮಂಡಿ ಬಾಗಿಸಿ, ಆ ಪಾದವನ್ನು ಮುಂದೆ ಚಾಚಿ, ಬೆರಳ ತುದಿಯನ್ನೆತ್ತಿದರೆ ರಬ್ಬರು ನೆಲಕ್ಕೆ ಉಜ್ಜಿ ಚಲನಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ. 60 ಕಿಲೋಗ್ರಾಂ ತೂಗುವವನು ಗಂಟೆಗೆ 18 ಕಿಲೋಮೀಟರು ವೇಗದಲ್ಲಿದ್ದರೆ ಹೀಗೆ ಕಳೆಯಬೇಕಾದ ಶಕ್ತಿ 750 ಜೂಲು. ವೇಗ 36ಕ್ಕೆ ಏರಿದರೆ 3000. ಅಂದರೆ ವೇಗ ಇಮ್ಮಡಿಯಾದರೆ ನಿಲ್ಲಲು ಬೇಕಾದ ದೂರ ಸುಮಾರು ನಾಲ್ಮಡಿ. ಇಳಿಜಾರಿನಲ್ಲಿ ಮೊದಲಿನಿಂದಲೇ ಬ್ರೇಕು ಹಿಡಿಯಬೇಕೆನ್ನುವುದು ಇದಕ್ಕಾಗಿಯೇ. ಅನೇಕ ಬ್ರೇಕುಗಳ ಬದಿಯಲ್ಲಿ ಸವೆತದ ಮಿತಿಯನ್ನು ತೋರಿಸುವ ಗೆರೆಯೊಂದಿರುತ್ತದೆ. ರಬ್ಬರು ಅಲ್ಲಿಯವರೆಗೆ ಸವೆದೊಡನೆ ಬದಲಿಸಬೇಕು. ತಡಮಾಡಿದರೆ ನೆಲಕ್ಕೆ ಉಜ್ಜುವುದು ಒಳಗಿನ ತಿರುಪುಮೊಳೆ.