ಅಕ್ಷರ ದೊಡ್ಡದು, ಆದರೂ ಕಾಣದು!

ಮಕ್ಕಳೇ, ಮನೆಯಲ್ಲಿ ಅಕ್ಕಿ ಆರಿಸುವುದನ್ನು ನೀವು ನೋಡಿರಬಹುದು. ಮೊರದಲ್ಲಿ ಹರಡಿದ ಅಕ್ಕಿಯ ನಡುವೆ ಕರಿಯ ಕಲ್ಲು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅಷ್ಟೇ ಗಾತ್ರದ ಬಿಳಿಯ ಕಲ್ಲು ಮಾತ್ರ ತಪ್ಪಿಸಿಕೊಂಡು, ಊಟದ ಹೊತ್ತಿಗೆ ಹಲ್ಲಿಗೆ ಸಿಗುತ್ತದೆ! ಗಾತ್ರ ಒಂದೇ ಆದರೂ ಒಂದು ಕಂಡದ್ದೇಕೆ, ಇನ್ನೊಂದು ಕಾಣದ್ದೇಕೆ?

ಕರಿಯ ಕಲ್ಲಿನಿಂದ ನಮ್ಮ ಕಣ್ಣಿಗೆ ಬರುವ ಬೆಳಕು ಕಡಿಮೆ, ಸುತ್ತಲಿನ ಅಕ್ಕಿಯಿಂದ ಬರುವ ಬೆಳಕು ಹೆಚ್ಚು. ಬಿಳಿಯ ಕಲ್ಲಿಗೂ ಅಕ್ಕಿಗೂ ಈ ವ್ಯತ್ಯಾಸ ಬಹಳ ಕಡಿಮೆ. ಒಂದು ವಸ್ತುವಿನಿಂದ ಬರುವ ಬೆಳಕಿಗೂ ಅದರ ಹಿನ್ನೆಲೆಯಿಂದ ಬರುವ ಬೆಳಕಿಗೂ ಇರುವ ವ್ಯತ್ಯಾಸವನ್ನು 'ಕಾಂಟ್ರಾಸ್ಟ್' ಎನ್ನುತ್ತಾರೆ. ಬಿಳಿ ಹಾಳೆಯಿಂದ 100 ಪಾಲು ಬೆಳಕು, ಅದರ ಮೇಲಿನ ಅಕ್ಷರದಿಂದ 90 ಪಾಲು ಬೆಳಕು ಬಂದರೆ ಕಾಂಟ್ರಾಸ್ಟ್ ಶೇಕಡ 10. ಅಕ್ಷರದಿಂದ 99 ಪಾಲು ಬಂದರೆ ಶೇಕಡ 1 ಮಾತ್ರ. ಇಂತಹ ಸಣ್ಣ ವ್ಯತ್ಯಾಸವನ್ನು ಗುರುತಿಸುವ ಕಣ್ಣಿನ ಶಕ್ತಿಯನ್ನು ಅಳೆಯಲು ಸಾಧ್ಯವೇ? ನೋಡೋಣ.

ಮೇಣದಬತ್ತಿಯಿಂದ ಅಳತೆ

ಫ್ರಾನ್ಸಿನ ವಿಜ್ಞಾನಿ ಪಿಯರ್ ಬೂಗೇರ್ ಇದಕ್ಕೊಂದು ಸರಳ ಉಪಾಯ ಹುಡುಕಿದರು. ಒಂದು ಬಿಳಿ ಪರದೆಯ ಮೇಲೆ ಎರಡು ಮೇಣದಬತ್ತಿಗಳ ಬೆಳಕು ಬೀಳುವಂತೆ ಮಾಡಿದರು. ಒಂದು ಬತ್ತಿಗೆ ಅಡ್ಡವಾಗಿ ಒಂದು ಕೋಲು ಇಟ್ಟರು. ಪರದೆಯ ಮೇಲೆ ಕೋಲಿನ ನೆರಳು ಬಿತ್ತು. ಆ ಬತ್ತಿಯನ್ನು ದೂರ ಸರಿಸುತ್ತಾ ಹೋದಂತೆ ನೆರಳು ತೆಳುವಾಯಿತು. ಅದು ಇನ್ನೊಂದು ಬತ್ತಿಗಿಂತ ಸುಮಾರು 8 ಪಟ್ಟು ದೂರ ಹೋದಾಗ ನೆರಳು ಕಾಣದಾಯಿತು! ದೂರ 8 ಪಟ್ಟಾದರೆ ಬೆಳಕು 8 × 8, ಅಂದರೆ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕಿಂತ ಸಣ್ಣ ವ್ಯತ್ಯಾಸ ಅವರ ಕಣ್ಣಿಗೆ ತಿಳಿಯಲಿಲ್ಲ. ಈ ಪ್ರಯೋಗದ ವಿವರ 1760ರಲ್ಲಿ ಪ್ರಕಟವಾಯಿತು.

ಎರಡು ಬಗೆಯ ಫಲಕಗಳು

ಕಣ್ಣಿನ ಡಾಕ್ಟರ ಬಳಿ ಅಕ್ಷರಗಳ ಫಲಕ ಇರುತ್ತದೆ. ಕೆಳಗೆ ಬಂದಂತೆಲ್ಲ ಅದರ ಅಕ್ಷರಗಳು ಚಿಕ್ಕದಾಗುತ್ತವೆ. ಇಂತಹ ಫಲಕವನ್ನು 1862ರಲ್ಲಿ ಹಾಲೆಂಡಿನ ಕಣ್ಣಿನ ವೈದ್ಯ ಹರ್ಮನ್ ಸ್ನೆಲೆನ್ ಪ್ರಕಟಿಸಿದರು. ಅದರಲ್ಲಿ ಎಲ್ಲ ಅಕ್ಷರಗಳೂ ಕಡುಕಪ್ಪು. ಎಷ್ಟು ಚಿಕ್ಕದು ಕಾಣುತ್ತದೆ ಎಂದು ಅದು ತಿಳಿಸುತ್ತದೆ. ಎಷ್ಟು ಮಸುಕಾದದ್ದು ಕಾಣುತ್ತದೆ ಎಂದು ತಿಳಿಸುವುದಿಲ್ಲ.

ಆ ಕೊರತೆಯನ್ನು ನೀಗಲು 1988ರಲ್ಲಿ ಡೆನಿಸ್ ಪೆಲ್ಲಿ, ಜಾನ್ ರಾಬ್ಸನ್ ಮತ್ತು ಸಂಗಡಿಗರು ಬೇರೊಂದು ಫಲಕ ರಚಿಸಿದರು. ಅದರಲ್ಲಿ 8 ಸಾಲುಗಳು, ಸಾಲಿಗೆ 6 ಅಕ್ಷರಗಳು. ಎಲ್ಲ ಅಕ್ಷರಗಳ ಗಾತ್ರವೂ ಒಂದೇ, ಚೆನ್ನಾಗಿ ದೊಡ್ಡದು. ಆದರೆ ಮೂರು ಮೂರು ಅಕ್ಷರಕ್ಕೊಮ್ಮೆ ಬಣ್ಣ ತಿಳಿಯಾಗುತ್ತದೆ. ಒಂದು ಸಾಲು ಕೆಳಗಿಳಿದರೆ ಕಾಂಟ್ರಾಸ್ಟ್ ಅರ್ಧಕ್ಕೆ ಇಳಿಯುತ್ತದೆ. ಕೊನೆಯ ಅಕ್ಷರಗಳಲ್ಲಿ ಅದು ಶೇಕಡ 1ಕ್ಕಿಂತಲೂ ಕಡಿಮೆ!

ಅಜ್ಜಿ ಎಡವಿದ್ದೇಕೆ?

ಕಣ್ಣಿನಲ್ಲಿ ಪೊರೆ ಬೆಳೆಯತೊಡಗಿದ ಅಜ್ಜಿ ಕ್ಯಾಲೆಂಡರಿನ ಕಪ್ಪು ಅಂಕಿಗಳನ್ನು ಓದಬಹುದು. ಆದರೆ ಸಂಜೆಯ ಹೊತ್ತು ಮೆಟ್ಟಿಲು ಎಡವಬಹುದು. ಪೊರೆ ಬಂದಾಗ ಕಣ್ಣಿನ ಮಸೂರ ಮಬ್ಬಾಗಿ ಬೆಳಕನ್ನು ಚದುರಿಸುತ್ತದೆ. ಚದುರಿದ ಬೆಳಕು ಕಪ್ಪು ಭಾಗಗಳ ಮೇಲೂ ಹರಡುವುದರಿಂದ ಕಪ್ಪು ಬೂದಿಯಾಗಿ ಕಾಣುತ್ತದೆ, ವ್ಯತ್ಯಾಸ ಅಳಿಸಿಹೋಗುತ್ತದೆ. ಮೆಟ್ಟಿಲುಗಳೆಲ್ಲ ಒಂದೇ ಸಿಮೆಂಟಿನ ಬಣ್ಣ. ಒಂದು ಮುಗಿದು ಇನ್ನೊಂದು ಶುರುವಾಗುವುದು ತಿಳಿಯುವುದೇ ಇಲ್ಲ. ಮಬ್ಬು ಬೆಳಕಿನಲ್ಲಂತೂ ಆರೋಗ್ಯವಂತ ಕಣ್ಣಿಗೂ ಈ ಶಕ್ತಿ ಕುಗ್ಗುತ್ತದೆ. ಆದ್ದರಿಂದ "ನೋಡಿಕೊಂಡು ನಡೆಯಬಾರದೇ?" ಎಂದು ಅಜ್ಜಿಯನ್ನು ಗದರಬೇಡಿ!

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಶಾಯಿ, ನೀರು, ಬಾಟಲಿಯ 8 ಮುಚ್ಚಳಗಳು, ಹನಿ ಹಾಕುವ ಪಿಲ್ಲರ್, ಬೆಂಕಿಕಡ್ಡಿಗಳು, ಬಿಳಿ ಹಾಳೆ.

1. ಮೊದಲ ಮುಚ್ಚಳಕ್ಕೆ 20 ಹನಿ ಶಾಯಿ ಹಾಕಿ. ಉಳಿದ ಏಳಕ್ಕೆ 10 ಹನಿ ನೀರು ಹಾಕಿ.
2. ಮೊದಲನೆಯದರಿಂದ 10 ಹನಿ ತೆಗೆದು ಎರಡನೆಯದಕ್ಕೆ ಹಾಕಿ ಕಲಸಿ. ಎರಡನೆಯದರಿಂದ 10 ಹನಿ ಮೂರನೆಯದಕ್ಕೆ ಹಾಕಿ. ಹೀಗೆ ಕೊನೆಯವರೆಗೆ ಮಾಡಿ. ಪ್ರತಿ ಸಲವೂ ಶಾಯಿಯ ಪಾಲು ಅರ್ಧವಾಗುತ್ತದೆ.
3. ಪ್ರತಿ ಮುಚ್ಚಳದ ಶಾಯಿಯಿಂದ ಒಂದೊಂದು ಅಕ್ಷರ ಬರೆಯಿರಿ. ಅಕ್ಷರಗಳು ಬೇರೆ ಬೇರೆ ಇರಲಿ, ಗಾತ್ರ ಒಂದೇ ಇರಲಿ.
4. ಹಾಳೆ ಒಣಗಿದ ಮೇಲೆ ಗೋಡೆಗೆ ಅಂಟಿಸಿ. ನಾಲ್ಕು ಹೆಜ್ಜೆ ದೂರ ನಿಂತು, ಒಂದೊಂದೇ ಕಣ್ಣು ಮುಚ್ಚಿ ಓದಿ.
5. ಈಗ ಕಿಟಕಿ ಮುಚ್ಚಿ ಓದಿ. ಆಮೇಲೆ ಕಿಟಕಿ ತೆರೆದು, ತೆಳುವಾದ ಮಬ್ಬು ಪ್ಲಾಸ್ಟಿಕ್ ಹಾಳೆಯನ್ನು ಕಣ್ಣ ಮುಂದೆ ಹಿಡಿದು ಓದಿ. ಯಾವ ಅಕ್ಷರಗಳು ಮೊದಲು ಮಾಯವಾದವು?

ಇದು ವೈದ್ಯರ ಪರೀಕ್ಷೆಯಲ್ಲ. ಆದರೂ ಎಲ್ಲರೂ ಓದಿದ ಅಕ್ಷರ ನಿಮ್ಮ ಗೆಳೆಯನಿಗೆ ಮಾತ್ರ ಕಾಣದಿದ್ದರೆ ಶಿಕ್ಷಕರಿಗೆ ತಿಳಿಸಿ. ಅವನಿಗೆ ಕಣ್ಣಿನ ತಪಾಸಣೆ ಬೇಕಾಗಬಹುದು.

ಮನೆಯಲ್ಲಿ ವಯಸ್ಸಾದವರಿದ್ದರೆ ದೊಡ್ಡವರ ನೆರವಿನಿಂದ ಪ್ರತಿ ಮೆಟ್ಟಿಲಿನ ಅಂಚಿಗೂ ಒಂದು ಹಳದಿ ಪಟ್ಟಿ ಬಳಿಯಿರಿ. ಅಜ್ಜಿಯನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಲು ಹೇಳಿ. ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಅಲ್ಲಿಯವರೆಗೆ ಆ ಹಳದಿ ಪಟ್ಟಿ ಅಜ್ಜಿಯ ಕಾಲಿಗೆ ದಾರಿ ತೋರಿಸುತ್ತದೆ.