ಕೋವಿಯೂ ದೂರವೂ

ದರೋಜಿಯ ಕರಡಿಧಾಮದ ವೀಕ್ಷಣಾಗೋಪುರದ ಮೇಲೆ ವಿದ್ಯಾರ್ಥಿಗಳೊಡನೆ ಕುಳಿತಿದ್ದೆ. ಇಳಿಹೊತ್ತು. ಅರಣ್ಯ ಇಲಾಖೆಯವರು ಬೆಲ್ಲದ ಪಾಕ ಬಳಿದಿದ್ದ ಎದುರಿನ ಬಂಡೆಗೆ ತಾಯಿಕರಡಿಯೊಂದು ಮರಿಗಳನ್ನು ಬೆನ್ನಮೇಲೆ ಹೊತ್ತು ಇಳಿದು ಬಂತು. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿರಲು ಹುಡುಗನೊಬ್ಬ ಪಿಸುದನಿಯಲ್ಲಿ ಕೇಳಿದ: “ಸಾರ್, ಇಷ್ಟು ದೂರದಿಂದ ಹೊಡೆಯೋಕೆ ಎಂಥ ರೈಫಲ್ ಬೇಕಾಗ್ತಿತ್ತು?”

ಗದರಿಸಬಹುದಿತ್ತು. 1972ರ ವನ್ಯಜೀವಿ ಕಾಯಿದೆ ಕರಡಿಗೆ ರಕ್ಷಣೆಯಿತ್ತಿದೆ; ಈ ಕಾಡು 1994ರಲ್ಲಿ ಧಾಮವಾಯಿತು. ಆದರೆ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನರ ಕಾಡಿನ ಕಥೆಗಳನ್ನು ಅವನ ಕೈಗಿತ್ತವನು ನಾನೇ ಅಲ್ಲವೆ?

ಆಂಡರ್ಸನ್ನರ ನೆಚ್ಚಿನ ಆಯುಧ 405 ಕ್ಯಾಲಿಬರಿನ ವಿಂಚೆಸ್ಟರ್, 1895ರ ಮಾದರಿಯದು. ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ಇದರದು ಸುಮಾರು ಹತ್ತು ಮಿಲಿಮೀಟರ್. ಮೊಂಡುಮೂತಿಯ ಆ ಗುಂಡು 300 ಗ್ರೇನ್ ತೂಕದ್ದು. ನಳಿಗೆಯಿಂದ ಸೆಕೆಂಡಿಗೆ ಸುಮಾರು 2200 ಅಡಿ ವೇಗದಲ್ಲಿ ಹೊರಡುತ್ತದೆ. ಐವತ್ತು ಗಜದಲ್ಲಿ ಅದು ಕೆಳಗೆ ಬೀಳುವುದು ಒಂದು ಅಂಗುಲದಷ್ಟು. ಮುನ್ನೂರು ಗಜ ತಲುಪಲು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಮೂರು ಅಡಿಗೂ ಮಿಕ್ಕಿ ಇಳಿದಿರುತ್ತದೆ. ಮೃಗವೂ ಒಂದು ಹೆಜ್ಜೆ ಇಟ್ಟಿರಬಹುದು.

ಜಿಮ್ ಕಾರ್ಬೆಟ್ಟರ 275 ಕ್ಯಾಲಿಬರಿನ ರಿಗ್ಬಿಯ ಗುಂಡು ಸಣ್ಣದು, ಹಗುರ, ವೇಗ ಹೆಚ್ಚು. ದೂರದವರೆಗೂ ನೇರ ಹೋಗುತ್ತದೆ. ಆದರೂ ಅವರು ಭಾರಿ ಗುಂಡಿನ ಜೋಡುನಳಿಗೆಯ ಕೋವಿಯೊಂದನ್ನು ಜೊತೆಗಿರಿಸಿಕೊಂಡಿದ್ದರು. ದೂರಕ್ಕೆ ಒಲಿಯುವುದು ಒಂದು, ದೊಡ್ಡ ಮೈಯನ್ನು ತಡೆದು ನಿಲ್ಲಿಸುವುದು ಇನ್ನೊಂದು. ಅಂದಮೇಲೆ ಕೋವಿಯನ್ನು ಆರಿಸುವುದೆಂದರೆ ಎಷ್ಟು ದೂರದಾಚೆಗೆ ಹಾರಿಸಲಾರೆನೆಂದು ಮೊದಲೇ ಗೆರೆ ಎಳೆದುಕೊಳ್ಳುವುದು. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನಲ್ಲಿ ಭರ್ಜಿ ಹಿಡಿದ ಬೇಟೆಗಾರರಿದ್ದಾರೆ. ಆ ಗೆರೆ ಅವರಿಗೆ ತೋಳಿನಳತೆಯಲ್ಲೇ ಇತ್ತು.

ಕರಡಿಯ ವಿಷಯದಲ್ಲಂತೂ ಅದರ ಜೋಲುಗೂದಲೇ ಬೇಟೆಗಾರನಿಗೆ ಮೋಸ. ಕಾಣುವ ಮೈಯೆಲ್ಲ ಮೈಯಲ್ಲ. ಗುಂಡಿಗೆ ಎಲ್ಲಿದೆಯೆಂದು ದೂರದಿಂದ ಗುರುತಿಸುವುದು ಕಷ್ಟ. ಗಾಯಗೊಂಡ ಮೃಗದ ಕಥೆ ಬೇಟೆಗಾರನೊಡನೆ ಮುಗಿಯುವುದೂ ಇಲ್ಲ. 1907ರಲ್ಲಿ ಕಾರ್ಬೆಟ್ಟರು ಕೊಂದ ಚಂಪಾವತದ ನರಭಕ್ಷಕಿಯ ಬಲಗಡೆಯ ಕೋರೆಹಲ್ಲುಗಳು ಹಿಂದೆಂದೋ ಯಾರದೋ ಗುಂಡಿಗೆ ಮುರಿದಿದ್ದವು. ಅದು ತಿಂದವರ ಸಂಖ್ಯೆ 436 ಎಂದು ಲೆಕ್ಕ. ಆ ಗುಂಡು ಹಾರಿಸಿದವನು ಯಾರೆಂದು ಯಾವ ಪುಸ್ತಕದಲ್ಲೂ ಇಲ್ಲ.

ಹುಡುಗನಿಗೆ ಇದನ್ನೆಲ್ಲ ಹೇಳಿದೆ. ಹೇಳದೆ ಉಳಿದುದೊಂದಿತ್ತು.

ನನ್ನ ತಾತನ ಬಳಿ ಒಂಟಿನಳಿಗೆಯ ಮದ್ದಿನ ಕೋವಿಯಿತ್ತು. ರೈಫಲಿನ ನಳಿಗೆಯೊಳಗೆ ಗುಂಡನ್ನು ತಿರುಗಿಸಿ ಬಿಡುವ ಸುರುಳಿಗೆರೆಗಳಿರುತ್ತವೆ. ಇದರ ನಳಿಗೆ ಬರಿ ನುಣುಪು. ನೂರು ಗಜದಲ್ಲೇ ಅದರ ಗುರಿ ದೇವರಿಗೆ ಬಿಟ್ಟದ್ದು. ಕಾಯಿದೆಗೆ ಮೊದಲಿನ ಒಂದು ಸಂಜೆ, ಸೇಂಗಾ ಹೊಲದಾಚೆ ಕಂಡ ಕರಡಿಯ ಮೇಲೆ ಅಷ್ಟು ದೂರದಿಂದಲೇ ಹಾರಿಸಿದರು. ಕರಡಿ ಕುಂಟುತ್ತ ಪೊದೆ ಸೇರಿತು. ಕತ್ತಲಾಯಿತೆಂದು ಮನೆಗೆ ಬಂದರು. ಮರುದಿನ ಬೆಳಿಗ್ಗೆ ಅದೇ ಪೊದೆಯ ಬದಿಗೆ ಕುರಿ ಹೊಡೆದುಕೊಂಡು ಹೋದವನು ಒಂದು ಕಣ್ಣನ್ನೂ ಅರ್ಧ ಮುಖವನ್ನೂ ಕಳೆದುಕೊಂಡು ಬದುಕಿದ. ತಾತ ಮತ್ತೆ ಕೋವಿ ಮುಟ್ಟಲಿಲ್ಲ. ಸುಗ್ಗಿಯಾದಾಗಲೆಲ್ಲ ಆ ಮನೆಗೆ ಒಂದು ಚೀಲ ಜೋಳ ಹೋಗುತ್ತಿತ್ತು. ಹುಡುಗನಾಗಿದ್ದಾಗ ಒಮ್ಮೆ ನಾನೇ ಬಂಡಿಯಲ್ಲಿ ಕುಳಿತು ಕೊಟ್ಟು ಬಂದೆ. ಚೀಲ ಇಳಿಸಿಕೊಂಡ ಮುದುಕ ಟವೆಲಿನಿಂದ ಮುಖ ಮುಚ್ಚಿಕೊಂಡೇ, “ತಾತ ಚೆಂದಾಗದಾರೇನಪ್ಪ?” ಎಂದು ವಿಚಾರಿಸಿದ್ದ.

ಬಂಡೆಯ ಮೇಲೆ ಕರಡಿ ಇನ್ನೂ ಪಾಕ ನೆಕ್ಕುತ್ತಿತ್ತು. ಹುಡುಗ ದುರ್ಬೀನು ಕೇಳಿದ, ಕೊಟ್ಟೆ.